ಬಡಮಕ್ಕಳ ರಜಾ ಶಿಬಿರಕ್ಕೆ ಗ್ರೂಪ್ ಲೀಡರ್ ಆಗಿ ಹೋಗ್ತಿದ್ದೀನಿ, ಗೊತ್ತಿರೋರು ಹೇಳಿ (ಕೊಡಗು)

ಸಿದ್ದಾಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಡಿಗ್ರಿ ಕೊನೇ ವರ್ಷ ಓದ್ತಾ ಇದ್ದೀನಿ, ಮನೆ ಸಿದ್ದಾಪುರದ ಹತ್ತಿರ. ಏಪ್ರಿಲ್ ಕೊನೇ ವಾರ ನಮ್ಮ ಕಡೆಯ ಕೆಲವು ಹಿರಿಯರು ಸೇರಿಕೊಂಡು ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳನ್ನೂ ಹಾಡಿ (ಆದಿವಾಸಿಗಳ ಕೇರಿ) ಮಕ್ಕಳನ್ನೂ ಐದು ದಿನ ರಜೆ ಕಳೆಯೋಕೆ ಕರೆದುಕೊಂಡು ಹೋಗ್ತಿದ್ದಾರೆ. ಖರ್ಚೆಲ್ಲ ದಾನಿಗಳದ್ದು. ಮಡಿಕೇರಿ ಹತ್ತಿರ ಒಂದು ಹಾಸ್ಟೆಲ್‌ನಲ್ಲಿ ಉಳಿಯೋದು, ಅಲ್ಲಿಂದ ಕೋಟೆ, ರಾಜಾಸೀಟ್, ಅಬ್ಬಿ ಜಲಪಾತ, ನಿಸರ್ಗಧಾಮ, ದುಬಾರೆ ಆನೆ ಶಿಬಿರ, ತಲಕಾವೇರಿ ಅಂತ ಪಟ್ಟಿ ಮಾಡಿದ್ದಾರೆ. ಮಕ್ಕಳು ಎಂಟರಿಂದ ಹನ್ನೊಂದು ವರ್ಷದವರು.

ನನ್ನನ್ನ ಗ್ರೂಪ್ ಲೀಡರ್ ಆಗು ಅಂದಿದ್ದಾರೆ. ಹಾಡು, ಆಟ, ಕಾಗದದ ಕೆಲಸ ಎಲ್ಲ ಬರುತ್ತೆ. ಎನ್‌ಎಸ್‌ಎಸ್ ಕ್ಯಾಂಪ್ ಮಾಡಿದ್ದೀನಿ. ಆದ್ರೆ ಅಮ್ಮ "ಯಾರದೋ ಮಕ್ಕಳು, ರಾತ್ರಿ ಹಗಲು ನಿನ್ನ ಕೈಲಿ ಇರ್ತಾರೆ, ಹೆಚ್ಚುಕಮ್ಮಿ ಆದ್ರೆ?" ಅಂತ ಕೇಳ್ತಾರೆ. ಅಮ್ಮ ಕೇಳೋದ್ರಲ್ಲಿ ತಪ್ಪಿಲ್ಲ. ಇಂಥ ಶಿಬಿರಕ್ಕೆ ಹೋದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ: ಲೀಡರ್ ಆದವಳು ನಿಜವಾಗಿ ಮಾಡಬೇಕಾದ್ದು ಏನು?

ಮೂರ್ನಾಡಿನ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀಯ ಮಗಳೇ. ಶಾಲೆಯಿಂದ ನಿವೃತ್ತನಾದ ಮೇಲೂ ಬೇಸಿಗೆ ಬಂತೆಂದರೆ ನಾನು ಇದೇ ಕೆಲಸಕ್ಕೆ ಹೋಗುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಾಡು, ಆಟ ಬರುತ್ತದೆ ಅಂದೆ. ಬಹಳ ಒಳ್ಳೆಯದು. ಆದರೆ ಅದು ಲೀಡರ್ ಕೆಲಸದ ಸಣ್ಣ ಭಾಗ. ಆಟ ಆಡಿಸಲು ಯಾರಾದರೂ ಸಿಗುತ್ತಾರೆ. ಲೀಡರ್ ಎಂದರೆ, ಬೆಳಿಗ್ಗೆ ಕಣ್ಣು ಬಿಟ್ಟಾಗ ಕಾಣುವ ಮುಖವೂ ರಾತ್ರಿ ದೀಪ ಆರಿಸುವಾಗ ಕಾಣುವ ಮುಖವೂ ಒಂದೇ ಆಗಿರಬೇಕು. ಐದು ಮಕ್ಕಳಿಗೆ ಒಬ್ಬರು. ಆ ಐವರು ಐದೂ ದಿನ ನಿನ್ನವರೇ. ಮಧ್ಯದಲ್ಲಿ ಗುಂಪು ಬದಲಿಸುವುದು, "ಇವತ್ತು ನೀವು ಆ ಅಕ್ಕನ ಹತ್ತಿರ ಹೋಗಿ" ಎನ್ನುವುದು ಕೂಡದು. ಸಂಘಟಕರು ಜನ ಸಾಲದೆ ಹತ್ತು ಹನ್ನೆರಡು ಮಕ್ಕಳನ್ನು ಒಬ್ಬರಿಗೆ ಒಪ್ಪಿಸಿದರೆ ಒಪ್ಪಬೇಡ. ಮಕ್ಕಳ ಸಂಖ್ಯೆ ಇಳಿಸಿ ಎಂದು ನೇರವಾಗಿ ಹೇಳು. ನಾಚಿಕೊಳ್ಳುವ ವಿಷಯ ಅಲ್ಲ.

ಯಾಕೆ ಅಂದರೆ, ಈ ಮಕ್ಕಳಲ್ಲಿ ಅನೇಕರು ಮನೆ ಬಿಟ್ಟು ಒಂದು ರಾತ್ರಿಯೂ ಮಲಗಿದವರಲ್ಲ. ಮೊದಲ ದಿನ ಕುಣಿದಾಡುತ್ತಾರೆ. ಎರಡನೇ ರಾತ್ರಿ ಅಳು ಶುರುವಾಗುತ್ತದೆ. ಒಬ್ಬರು ಅತ್ತರೆ ಸಾಲಾಗಿ ಎಲ್ಲರೂ ಅಳುತ್ತಾರೆ. ಆಗ "ಅಳಬೇಡ, ನಾಳೆ ಆನೆ ನೋಡೋಣ" ಅಂದರೆ ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂತು, ಮನೆಯಲ್ಲಿ ಯಾರ ಹತ್ತಿರ ಮಲಗ್ತೀಯ, ತಂಗಿ ಹೆಸರೇನು, ನಾಯಿ ಇದೆಯಾ ಎಂದು ಕೇಳು. ಮನೆಯ ಮಾತು ಆಡಿದಷ್ಟೂ ಮಗು ಹಗುರಾಗುತ್ತದೆ. ಮನೆ ನೆನಪೇ ಬರದಂತೆ ಮಾಡಲು ಹೋದರೆ ಅಳು ಹೆಚ್ಚುತ್ತದೆ.

ಹಾಸಿಗೆ ಒದ್ದೆ ಮಾಡುವ ಮಕ್ಕಳು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಹತ್ತು ವರ್ಷದವರೂ ಇರುತ್ತಾರೆ. ನಮ್ಮಲ್ಲಿ ನಡೆದುಬಂದ ಕ್ರಮ ಹೀಗಿದೆ: ಎಲ್ಲ ಹಾಸಿಗೆಗೂ ಪ್ಲಾಸ್ಟಿಕ್ ಶೀಟು, ಬೆಳಿಗ್ಗೆ ಎಲ್ಲರ ಬೆಡ್‌ಶೀಟೂ ತೆಗೆದು ಒಗೆಯಲು ಹಾಕುವುದು. ಯಾರದು ಒದ್ದೆ, ಯಾರದು ಒಣ ಎಂದು ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಹತ್ತೂವರೆಗೆ ಒಮ್ಮೆ ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ಯಬೇಕು, ದಾರಿಯ ದೀಪ ಉರಿಯುತ್ತಲೇ ಇರಬೇಕು. ಕತ್ತಲೆಗೆ ಹೆದರಿಯೇ ಎಷ್ಟೋ ಮಕ್ಕಳು ಎದ್ದು ಹೋಗುವುದಿಲ್ಲ.

ಊಟದ ವಿಷಯ. ಪಾತ್ರೆ ಗುಂಪಿನ ಮಧ್ಯದಲ್ಲಿರಲಿ, ಎರಡನೇ ಸಲ ಬೇಕಾದವರು ಕೇಳದೆಯೇ ಹಾಕಿಕೊಳ್ಳುವಂತಿರಲಿ. ನೀನು ಅವರ ಜೊತೆ ಕೂತು ಅದನ್ನೇ ಉಣ್ಣು. ಲೀಡರ್‌ಗಳಿಗೆ ಬೇರೆ ಟೇಬಲ್, ಬೇರೆ ಪಲ್ಯ ಅಂತ ಇದ್ದರೆ ಮಕ್ಕಳು ಒಂದೇ ಹೊತ್ತಿನಲ್ಲಿ ಗಮನಿಸುತ್ತಾರೆ.

ಇನ್ನು ಆ ಪಟ್ಟಿ. ಅರ್ಧ ಹೊಡೆದುಹಾಕಿ. ಐದು ದಿನದಲ್ಲಿ ಆರು ಜಾಗ ಎಂದರೆ ಮಕ್ಕಳು ನೋಡುವುದು ಬಸ್ಸಿನ ಸೀಟನ್ನೇ. ಮಡಿಕೇರಿ ಕೋಟೆಯಲ್ಲಿ ಗಾರೆಯ ಎರಡು ಆನೆಗಳಿವೆಯಲ್ಲ, ನಿಜವಾದ ಆನೆಯಷ್ಟೇ ದೊಡ್ಡವು. ಅವುಗಳ ಸುತ್ತ ಬಿಟ್ಟರೆ ಅರ್ಧ ದಿನ ಅಲ್ಲೇ ಇರುತ್ತಾರೆ. ಬಿಡಿ, ಇರಲಿ. ವೇಳಾಪಟ್ಟಿ ಹಿಡಿದುಕೊಂಡು "ಬನ್ನಿ ಬನ್ನಿ" ಎಂದು ಎಳೆಯುವುದು ರಜೆ ಅಲ್ಲ.

ಕುಶಾಲನಗರದ ನರ್ಸಕ್ಕ

ಮೇಷ್ಟ್ರು ಹೇಳಿದ್ದಕ್ಕೆ ಆರೋಗ್ಯದ ಕಡೆಯಿಂದ ಸೇರಿಸ್ತೀನಿ.

ಹೊರಡೋ ಮೊದಲೇ ಪ್ರತಿ ಮಗುವಿನ ಮನೆಗೆ ಯಾರಾದ್ರೂ ಹೋಗಿ ಕೇಳಬೇಕು: ಫಿಟ್ಸ್ ಇದೆಯಾ, ಉಬ್ಬಸ ಇದೆಯಾ, ಯಾವ ಮಾತ್ರೆ ತಗೊಳ್ತಾ ಇದೆ, ಯಾವುದಾದ್ರೂ ತಿಂದ್ರೆ ಮೈಮೇಲೆ ಏಳುತ್ತಾ. ಫಾರಂ ಕೊಟ್ಟು "ತುಂಬಿ ಕಳಿಸಿ" ಅಂದ್ರೆ ಆಗಲ್ಲ, ಓದಕ್ಕೆ ಬರದ ಅಪ್ಪ ಅಮ್ಮ "ಏನೂ ಇಲ್ಲ" ಅಂತ ಹೆಬ್ಬೆಟ್ಟು ಒತ್ತಿಬಿಡ್ತಾರೆ.

ಹಾಡಿ ಮಕ್ಕಳು ಇದ್ರೆ ಸಿಕಲ್ ಸೆಲ್ ರಕ್ತಹೀನತೆ ಬಗ್ಗೆ ವಿಶೇಷವಾಗಿ ಕೇಳಿ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದರ ನಿರ್ಮೂಲನೆಗೆ ಅಂತ ದೊಡ್ಡ ಕಾರ್ಯಕ್ರಮ ಶುರು ಮಾಡಿದೆ, ರಕ್ತಪರೀಕ್ಷೆ ಆದವರಿಗೆ ಕಾರ್ಡ್ ಕೊಡ್ತಾರೆ. ಆಶಾ ಕಾರ್ಯಕರ್ತೆಯನ್ನ ಕೇಳಿದ್ರೂ ಗೊತ್ತಾಗುತ್ತೆ. ಈ ಕಾಯಿಲೆ ಇರೋ ಮಗುವಿಗೆ ನೀರು ಕಡಿಮೆ ಆದ್ರೆ, ಚಳಿ ಹಿಡಿದ್ರೆ, ಅತಿಯಾಗಿ ದಣಿದ್ರೆ ಕೈಕಾಲು ಮೂಳೆಯಲ್ಲಿ ತಡೆಯಲಾರದ ನೋವು ಬರುತ್ತೆ. ಮಡಿಕೇರಿಯಲ್ಲಿ ಏಪ್ರಿಲ್ ಆದ್ರೂ ಮಳೆ ಬಿದ್ದ ರಾತ್ರಿ ಚಳಿ ಇರುತ್ತೆ. ಎರಡೆರಡು ಕಂಬಳಿ, ಕಾಲುಚೀಲ, ಗಂಟೆಗೊಮ್ಮೆ ನೀರು. ಅಂಥ ಮಗು "ಕಾಲು ನೋಯುತ್ತೆ ಅಕ್ಕ" ಅಂದ್ರೆ ನಡೆದು ನಡೆದು ನೋವು ಬಂದಿರಬೇಕು ಅಂತ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ.

ಬಸ್ಸಿನಲ್ಲಿ ವಾಂತಿ ಗ್ಯಾರಂಟಿ. ಕುಶಾಲನಗರ ದಾಟಿ ತಿರುವು ಶುರುವಾದ ಮೇಲೆ ಒಬ್ಬೊಬ್ಬರದೇ ಶುರು. ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ. ಎರಡು ಇಡ್ಲಿ ಸಾಕು, ಹಾಲು ಬೇಡ. ವಾಂತಿ ಬರೋರು ಮುಂದಿನ ಸೀಟಲ್ಲಿ, ಕಿಟಕಿ ಪಕ್ಕ. ಕವರು, ನೀರು, ಒಂದು ಜೊತೆ ಬಟ್ಟೆ ನಿಮ್ಮ ಕೈಚೀಲದಲ್ಲೇ ಇರಲಿ, ಮೇಲಿನ ಕ್ಯಾರಿಯರ್‌ನಲ್ಲಿ ಅಲ್ಲ.

ಹಾವು ಕಚ್ಚಿದ್ರೆ ಹಗ್ಗ ಬಿಗಿಯೋದು, ಕೊಯ್ಯೋದು, ಬಾಯಲ್ಲಿ ಹೀರೋದು ಯಾವುದೂ ಬೇಡ. ಮಗುವನ್ನ ಓಡಾಡಿಸದೆ, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು 108ಕ್ಕೆ ಫೋನ್, ಸರ್ಕಾರಿ ಆಸ್ಪತ್ರೆಗೆ. ಜಿಗಣೆಗೆ ಹೆದರಬೇಕಿಲ್ಲ, ಉಪ್ಪು ಸಾಕು. ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತೆ, ಒತ್ತಿ ಹಿಡಿದ್ರೆ ನಿಲ್ಲುತ್ತೆ. ಲೈನ್ ಮನೆ ಮಕ್ಕಳಿಗೆ ಇದೆಲ್ಲ ನಿಮಗಿಂತ ಚೆನ್ನಾಗಿ ಗೊತ್ತು.

ನೀರು. ಇದೊಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅಬ್ಬಿಯಲ್ಲಿ ನೀರಿಗಿಳಿಯೋದು ನಿಷೇಧ, ಎಲ್ಲರಿಗೂ ಗೊತ್ತು. ದುಬಾರೆಯಲ್ಲಿ, ನಿಸರ್ಗಧಾಮದ ದಂಡೆಯಲ್ಲಿ ಕಾವೇರಿ ಬೇಸಿಗೆಯಲ್ಲಿ ಮೊಣಕಾಲುದ್ದ ಕಾಣುತ್ತೆ, ಪಕ್ಕದ ಬಂಡೆ ಹಿಂದೆ ಆಳು ಮುಳುಗೋ ಗುಂಡಿ ಇರುತ್ತೆ. ಕಾಲು ತೊಳೆಯೋಕೂ ಇಳಿಸಬೇಡಿ.

ತೋಟದ ರೈಟರ್

ನಾನು ಮಾಲ್ದಾರೆ ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ನಮ್ಮ ಲೈನಿನ ಮಕ್ಕಳು ಇಂಥ ಶಿಬಿರಗಳಿಗೆ ಹೋಗಿ ಬಂದಿದ್ದಾರೆ, ಕರೆದೊಯ್ಯುವವರ ಜೊತೆ ನಾನೂ ಹೋಗಿದ್ದೇನೆ. ಅಪ್ಪ ಅಮ್ಮಂದಿರ ಪರವಾಗಿ ಎರಡು ಮಾತು.

ಅನುಮತಿ ಕೇಳಲು ಹಗಲು ಹೊತ್ತು ಬರಬೇಡಿ. ಮೇಸ್ತ್ರಿ ಎದುರು, ಮಾಲೀಕರ ಎದುರು ಕೇಳಿದರೆ ಅವರು ಬೇಡ ಅನ್ನಲಾರರು. ಸಂಜೆ ಕೆಲಸ ಬಿಟ್ಟು ಬಂದ ಮೇಲೆ ಮನೆ ಬಾಗಿಲಲ್ಲಿ ಕೂತು ಮಾತಾಡಿ. ಎಲ್ಲಿ ಮಲಗಿಸ್ತೀರಿ, ಯಾರು ಇರ್ತಾರೆ, ಫೋನ್ ಮಾಡಿದರೆ ಮಗು ಮಾತಿಗೆ ಸಿಗುತ್ತಾ, ಎಲ್ಲ ಹೇಳಿ. ನಮ್ಮಲ್ಲಿ ಪಣಿಯ, ಯರವ, ಜೇನುಕುರುಬ ಮನೆಗಳಿವೆ, ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಎಲ್ಲರಿಗೂ ಕನ್ನಡ ಸರಾಗ ಅಲ್ಲ. ಭಾಷೆ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಬನ್ನಿ.

ಬ್ಯಾಗ್ ವಿಷಯ ಯಾರೂ ಯೋಚಿಸುವುದಿಲ್ಲ. ಬೆಳಿಗ್ಗೆ ಬಸ್ ಹತ್ತುವಾಗ ಒಂದು ಮಗು ಚಕ್ರದ ಬ್ಯಾಗ್ ತರುತ್ತದೆ, ಇನ್ನೊಂದು ಗೊಬ್ಬರದ ಚೀಲದಲ್ಲಿ ಒಂದು ಫ್ರಾಕ್ ಸುತ್ತಿಕೊಂಡು ಬರುತ್ತದೆ. ಅಲ್ಲೇ ಭೇದ ಶುರು. ಎಲ್ಲರಿಗೂ ಒಂದೇ ಥರದ ಬ್ಯಾಗ್, ಟವೆಲ್, ಎರಡು ಜೊತೆ ಬಟ್ಟೆ, ಚಪ್ಪಲಿ ಹಿಂದಿನ ವಾರವೇ ಮನೆಗೆ ತಲುಪಿಸಿ. ಬಸ್ಸಿನ ಎದುರು ನಿಲ್ಲಿಸಿ ಹಂಚಬೇಡಿ.

ಈಗ ದುಬಾರೆ. ಊರವರಿಗೆಲ್ಲ ಮಕ್ಕಳು ಎಂದರೆ ಆನೆ ತೋರಿಸಬೇಕು ಅನ್ನಿಸುತ್ತದೆ. ನಮ್ಮ ಮಕ್ಕಳಿಗೆ ಆನೆ ಹೊಸದಲ್ಲ. ರಾತ್ರಿ ಲೈನಿನ ಹಿಂದೆ ಬಾಳೆ ಮುರಿಯುವ ಸದ್ದು ಕೇಳಿ ಉಸಿರು ಬಿಗಿಹಿಡಿದು ಮಲಗುವವರು ಅವರು. ಅರಣ್ಯ ಇಲಾಖೆಯ ಆರ್‌ಆರ್‌ಟಿಯವರು (ಆನೆ ಬಂದರೆ ಧಾವಿಸುವ ತುರ್ತು ತಂಡ) ಆನೆ ಇಂಥ ತೋಟದಲ್ಲಿದೆ ಎಂದು ಮೆಸೇಜ್ ಹಾಕಿದರೆ ಮಕ್ಕಳು ಆ ದಿನ ಶಾಲೆಗೇ ಹೋಗುವುದಿಲ್ಲ. ಒಂದು ಸಲ ದುಬಾರೆಯಲ್ಲಿ ನಮ್ಮ ಲೈನಿನ ಒಬ್ಬ ಹುಡುಗ ಬಸ್ಸಿನಿಂದ ಇಳಿಯಲೇ ಇಲ್ಲ. ಸೀಟಿನ ಕಂಬಿ ಹಿಡಿದು ಕೂತುಬಿಟ್ಟ, ಬೆರಳು ಬೆಳ್ಳಗಾಗಿತ್ತು. ಅವನ ಮಾವನನ್ನು ಹಿಂದಿನ ವರ್ಷ ಕೆಲಸಕ್ಕೆ ಹೋಗುವ ದಾರಿಯಲ್ಲೇ ಆನೆ ತುಳಿದಿತ್ತು. ಅವನ ಲೀಡರ್ ಹುಡುಗಿ ಏನೂ ಒತ್ತಾಯ ಮಾಡಲಿಲ್ಲ. "ನನಗೂ ಇಳಿಯಕ್ಕೆ ಮನಸ್ಸಿಲ್ಲ, ಇಲ್ಲೇ ಕೂರೋಣ" ಎಂದು ಪಕ್ಕದಲ್ಲಿ ಕೂತಳು, ಉಳಿದ ನಾಲ್ವರನ್ನು ಇನ್ನೊಬ್ಬರು ನೋಡಿಕೊಂಡರು. ನಾನು, ಡ್ರೈವರ್ ಇಬ್ಬರೂ ಅಲ್ಲೇ ಇದ್ದೆವು. ಸ್ವಲ್ಪ ಹೊತ್ತಾದ ಮೇಲೆ ಹುಡುಗ ತಾನಾಗಿಯೇ ಮಾವನ ಕತೆ ಹೇಳಿದ. ಮನೆಯಲ್ಲಿ ಅಷ್ಟು ದಿನ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ ಅಂತ ಆಮೇಲೆ ಅವನ ಅಮ್ಮ ಹೇಳಿದರು.

ಸಿದ್ದಾಪುರದವಳು ಅಂದಿದ್ದೀಯಲ್ಲಮ್ಮ, ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಬಾರೆ ಬೇಕೋ ಬೇಡವೋ, ಮಕ್ಕಳನ್ನೇ ಮೊದಲು ಕೇಳಲು ಸಂಘಟಕರಿಗೆ ಹೇಳು.

ಸೋಮವಾರಪೇಟೆ ಟು ಬೆಂಗಳೂರು

ನಾನು ಇಂಥ ಕೆಲಸಗಳಿಗೆ ದುಡ್ಡು ಎತ್ತಿಕೊಡುವವನು. ಒಂದು ವಿಷಯ ನೇರವಾಗಿ ಹೇಳ್ತೀನಿ. ಫೋಟೋ ಇಲ್ಲದೆ ದಾನಿಗಳು ದುಡ್ಡು ಕೊಡಲ್ಲ. ಮಗು ನಗ್ತಾ ಊಟ ಮಾಡೋ ಒಂದು ಫೋಟೋ ಹಾಕಿದ್ರೆ ಮುಂದಿನ ವರ್ಷ ಇನ್ನೂ ಇಪ್ಪತ್ತು ಮಕ್ಕಳು ಬರಬಹುದು. ಲೀಡರ್‌ಗಳು ದಿನಾ ನಾಲ್ಕು ಒಳ್ಳೇ ಫೋಟೋ ಕಳಿಸಿದ್ರೆ ಬಹಳ ಉಪಕಾರ ಆಗುತ್ತೆ.

ವಿರಾಜಪೇಟೆ ವಕೀಲೆ

ಅಣ್ಣ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ಬಾಲಮಂದಿರದ ಮಗು, ಅಥವಾ ಪಾಲನೆ ಮತ್ತು ರಕ್ಷಣೆ ಬೇಕಾದ ಮಗು ಎಂದು ಗುರುತಿಸಿದ ಯಾವುದೇ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲು ಮಾಡುವುದು ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಆಗಬಹುದು. ಲೈನ್ ಮನೆ ಮಕ್ಕಳಿಗೆ ಆ ಸೆಕ್ಷನ್ ಅನ್ವಯಿಸದಿರಬಹುದು, ಆದರೆ ಮರ್ಯಾದೆ ಎಲ್ಲ ಮಕ್ಕಳಿಗೂ ಒಂದೇ. "ಬಡಮಕ್ಕಳಿಗೆ ಊಟ" ಎಂಬ ಫೋಟೋ ಜೂನ್‌ನಲ್ಲಿ ತರಗತಿಯ ಇನ್ನೊಂದು ಮಗುವಿನ ಅಪ್ಪನ ಮೊಬೈಲಿಗೆ ಬಂದರೆ ಆ ಮಗು ಶಾಲೆಯಲ್ಲಿ ತಲೆ ಎತ್ತುವುದು ಹೇಗೆ? ಮಕ್ಕಳು ಬಿಡಿಸಿದ ಚಿತ್ರ ಕಳಿಸಿ, ಖರ್ಚಿನ ಲೆಕ್ಕ ಕಳಿಸಿ, ಬೆನ್ನು ಮಾಡಿ ನಿಂತ ಫೋಟೋ ಕಳಿಸಿ. ಲೀಡರ್‌ಗಳ ಮೊಬೈಲಿನಲ್ಲಿ ಮಕ್ಕಳ ಫೋಟೋ ಇರಲೇಬಾರದು.

ಹುಡುಗಿ ಕೇಳಿದ್ದಕ್ಕೆ ಉತ್ತರ. ನಿನ್ನ ಬಗ್ಗೆ ಪೊಲೀಸ್ ಪರಿಶೀಲನಾ ಪತ್ರ ಕೇಳದಿರುವ ಶಿಬಿರಕ್ಕೆ ಹೋಗಬೇಡ. ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ನಿನ್ನನ್ನು ಅನುಮಾನಿಸುತ್ತಾರೆ ಎಂದು ಬೇಸರಪಡಬೇಡ. ನಿನ್ನನ್ನು ಕೇಳದವರು ಯಾರನ್ನೂ ಕೇಳಿರುವುದಿಲ್ಲ. ಬಾಲಮಂದಿರದ ಮಕ್ಕಳು ಬರುವುದಾದರೆ ಮಕ್ಕಳ ಕಲ್ಯಾಣ ಸಮಿತಿಯ ಲಿಖಿತ ಅನುಮತಿ ಸಂಘಟಕರ ಕೈಯಲ್ಲಿರಬೇಕು.

ಮುಚ್ಚಿದ ಕೋಣೆಯಲ್ಲಿ ಒಬ್ಬ ಮಗುವಿನ ಜೊತೆ ಒಬ್ಬರೇ ದೊಡ್ಡವರು ಎಂದೂ ಇರಬಾರದು. ಸ್ನಾನದ ಮನೆ, ಬಟ್ಟೆ ಬದಲಿಸುವ ಜಾಗ, ಔಷಧಿ ಹಚ್ಚುವಾಗ, ಎಲ್ಲ ಕಡೆ ಇಬ್ಬರು. ರೈಟರ್ ಅಣ್ಣ ಹೇಳಿದ ಬಸ್ಸಿನಲ್ಲಿಯೂ ಬೇರೆಯವರು ಇದ್ದರು ನೋಡು. ಹೆಣ್ಣುಮಕ್ಕಳ ಮಲಗುವ ಕೋಣೆಗೆ ಇಬ್ಬರು ಮಹಿಳಾ ಲೀಡರ್‌ಗಳು. ಪಿಯುಸಿ ಹುಡುಗ ಹುಡುಗಿಯರು ಸಹಾಯಕ್ಕೆ ಬಂದರೆ ಅವರ ಮೇಲೆ ಮಕ್ಕಳ ಹೊಣೆ ಹಾಕಬಾರದು. ಹದಿನೆಂಟು ತುಂಬದವರು ಪೋಕ್ಸೋ ಕಾಯ್ದೆಯ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ) ಕಣ್ಣಿಗೆ ತಾವೇ ಮಕ್ಕಳು.

ಕೊನೆಯದು, ಬಹಳ ಮುಖ್ಯ. ನಿನ್ನ ಮೇಲೆ ನಂಬಿಕೆ ಬಂದ ಮೇಲೆ ಒಂದು ಮಗು ರಾತ್ರಿ ಹೊತ್ತು "ಅಕ್ಕಾ, ಯಾರಿಗೂ ಹೇಳಲ್ಲ ಅಂದ್ರೆ ಒಂದು ಹೇಳ್ತೀನಿ" ಅನ್ನಬಹುದು. ಆ ಮಾತು ಕೊಡಬೇಡ. "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳ್ತೀನಿ" ಅನ್ನು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡು, ಮತ್ತೆ ಮತ್ತೆ ಕೆದಕಿ ಕೇಳಬೇಡ. ಲೈಂಗಿಕ ದೌರ್ಜನ್ಯದ ವಿಷಯವಾದರೆ ಪೋಕ್ಸೋ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಸಂಘಟಕರು "ಹೆಸರು ಕೆಡುತ್ತೆ, ಸುಮ್ಮನಿರು" ಅಂದರೂ ನಿನ್ನ ಕರ್ತವ್ಯ ಮುಗಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098, ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ.

ಸೋಮವಾರಪೇಟೆ ಟು ಬೆಂಗಳೂರು

ವಕೀಲರೇ, ತರಗತಿಯ ಮಗುವಿನ ಅಪ್ಪನ ಮೊಬೈಲ್ ಅಂದ್ರಲ್ಲ, ಅದು ಮನಸ್ಸಿಗೆ ನಾಟಿತು. ಚಿತ್ರ ಮತ್ತು ಲೆಕ್ಕ ಕಳಿಸಿ. ದಾನಿಗಳನ್ನ ಒಪ್ಪಿಸೋದು ನನ್ನ ಜವಾಬ್ದಾರಿ.

ಬೆಟ್ಟದ ಬದಿಯವ

ಎಲ್ಲ ಸರಿ. ಆದರೆ ಮೂಲಕ್ಕೇ ಒಂದು ಪ್ರಶ್ನೆ. ಐದು ದಿನ ಮೊಟ್ಟೆ, ಕಂಬಳಿ, ಪ್ರೀತಿ ಎಲ್ಲ ಕೊಟ್ಟು ಆರನೇ ದಿನ ಅದೇ ಸೋರುವ ಲೈನ್ ಮನೆಗೆ ಬಿಟ್ಟು ಬರುವುದು ಆ ಮಗುವಿಗೆ ಒಳ್ಳೆಯದಾ? ಆ ದುಡ್ಡಲ್ಲಿ ಎರಡು ಮನೆಗೆ ಶೌಚಾಲಯ ಆಗುತ್ತಿತ್ತು. ಕೇಳಬಾರದು ಅನ್ನಿಸಿದರೂ ಕೇಳುತ್ತಿದ್ದೇನೆ.

ಮೂರ್ನಾಡಿನ ಮೇಷ್ಟ್ರು

ಕೇಳಲೇಬೇಕಾದ ಪ್ರಶ್ನೆ. ಶೌಚಾಲಯ ಆಗಬೇಕು. ಅದು ಪಂಚಾಯಿತಿಯ ಹೊಣೆ, ತೋಟದ ಮಾಲೀಕರ ಹೊಣೆ, ಅದಕ್ಕಾಗಿ ಒತ್ತಾಯಿಸುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಅದು ಆಗುವ ತನಕ ಆ ಮನೆಯ ಮಗುವಿಗೆ ರಜೆ ಬೇಡ ಎನ್ನಲು ನನಗೆ ಆಗುವುದಿಲ್ಲ. ನಮ್ಮ ಮನೆ ಮಕ್ಕಳು ಏಪ್ರಿಲ್ ಬಂತೆಂದರೆ ಅಜ್ಜಿ ಮನೆಗೆ, ಮೈಸೂರಿಗೆ, ಸಮುದ್ರಕ್ಕೆ ಹೋಗುತ್ತಾರೆ. ಅವರಿಗೆ ಅದರಿಂದ ಏನು ಪ್ರಯೋಜನ ಎಂದು ನಾವು ಯಾರೂ ಕೇಳುವುದಿಲ್ಲ. ಬಡವರ ಮಗುವಿಗೆ ಮಾತ್ರ ಯಾಕೆ ಕೇಳಬೇಕು? ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಇವನ್ನು ಹಕ್ಕು ಎಂದೇ ಕರೆದಿದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿ ಸೇರಿದೆ.

ನಿಮ್ಮ ಭಯದಲ್ಲಿ ನಿಜವಾದ ಅಂಶ ಒಂದಿದೆ. ಕೆಟ್ಟದಾಗುವುದು ಐದು ದಿನದ ಪ್ರೀತಿಯಿಂದಲ್ಲ, ಕೊನೆಯ ದಿನ ಕೊಡುವ ಸುಳ್ಳು ಭರವಸೆಯಿಂದ. "ನಿಮ್ಮ ಮನೆಗೆ ಬರ್ತೀನಿ", "ಸೈಕಲ್ ಕೊಡಿಸ್ತೀನಿ", "ಫೋನ್ ಮಾಡು" ಎಂದು ಲೀಡರ್‌ಗಳು ಭಾವುಕರಾಗಿ ಹೇಳಿಬಿಡುತ್ತಾರೆ. ಮಗು ತಿಂಗಳುಗಟ್ಟಲೆ ಕಾಯುತ್ತದೆ. ಮೊದಲ ದಿನವೇ "ನಾವು ಐದು ದಿನ ಜೊತೆಗಿರ್ತೀವಿ, ಶುಕ್ರವಾರ ನಿಮ್ಮನ್ನ ಮನೆಗೆ ಬಿಡ್ತೀವಿ" ಎಂದು ಸ್ಪಷ್ಟವಾಗಿ ಹೇಳಬೇಕು, ದಿನವೂ ನೆನಪಿಸಬೇಕು.

ಲೀಡ್ಸ್‌ನಲ್ಲಿದ್ದ ನಾಪೋಕ್ಲಿನವಳು

ಗಂಡನ ಕೆಲಸದಿಂದ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದೆ, ಅಲ್ಲಿ ಇಂಥ ರಜಾ ಶಿಬಿರಗಳಿಗೆ ಸ್ವಯಂಸೇವಕಿಯಾಗಿ ಹೋಗ್ತಿದ್ದೆ. ಅಲ್ಲಿ ಇದು ಬಹಳ ಹಳೇ ಪದ್ಧತಿ. ಲಂಡನ್ನಿನ ಬಡಮಕ್ಕಳನ್ನ ಹಳ್ಳಿಗೆ ಕಳಿಸೋ ನಿಧಿ 1884ರಲ್ಲೇ ಶುರುವಾಗಿತ್ತು. ನ್ಯೂಯಾರ್ಕಿನಲ್ಲಿ ಅದಕ್ಕಿಂತ ಮುಂಚೆ, 1877ರಲ್ಲಿ. ಈಗ ಮಕ್ಕಳನ್ನ ನೋಡಿಕೊಳ್ಳೋ ಲೀಡರ್‌ಗೆ ಡಿಬಿಎಸ್ ಅನ್ನೋ ಹಿನ್ನೆಲೆ ಪರಿಶೀಲನೆ ಆಗಬೇಕು, ಮೊದಲೇ ತರಬೇತಿ ಇರುತ್ತೆ. ಮೇಷ್ಟ್ರು ಹೇಳಿದ ಹಾಗೇ ಅಲ್ಲೂ ಸಣ್ಣ ಗುಂಪು, ಅದೇ ಲೀಡರ್. ಮಗುವಿಗೆ ಸ್ವಂತ ನಂಬರ್ ಕೊಡೋ ಹಾಗಿಲ್ಲ. ಏನಿದ್ರೂ ಸಂಸ್ಥೆ ಮೂಲಕ.

ಒಂದು ಇಷ್ಟವಾದದ್ದು: ಮಕ್ಕಳು ಮಲಗಿದ ಮೇಲೆ ಲೀಡರ್‌ಗಳೆಲ್ಲ ಅರ್ಧ ಗಂಟೆ ಕೂತು ಪ್ರತಿ ಮಗುವಿನ ಬಗ್ಗೆ ಒಂದೊಂದು ಮಾತು ಹೇಳಬೇಕಿತ್ತು. ಗಲಾಟೆ ಮಾಡೋ ಮಗು ಎಲ್ಲರಿಗೂ ನೆನಪಿರುತ್ತೆ. ಯಾರ ಬಗ್ಗೆ ಹೇಳೋಕೆ ಏನೂ ತೋಚಲ್ವೋ, ಮಾರನೇ ದಿನ ಆ ಮಗುವಿನ ಪಕ್ಕ ಕೂರಬೇಕು. ಇಲ್ಲೂ ಮಾಡಿ, ಖರ್ಚೇನೂ ಇಲ್ಲ.

ಪಾಲಿಬೆಟ್ಟ ಹುಡುಗ

ನಾನು ಐದನೇ ಕ್ಲಾಸಲ್ಲಿದ್ದಾಗ ಇಂಥ ಶಿಬಿರಕ್ಕೆ ಹೋಗಿದ್ದೆ, ಯಾರದ್ದು ಅಂತ ಬೇಡ. ಶಿಬಿರ ಚೆನ್ನಾಗಿತ್ತು. ವಾಪಸ್ ಬಿಟ್ಟಿದ್ದು ಚೆನ್ನಾಗಿರಲಿಲ್ಲ. ಬಸ್ಸು ತಡವಾಗಿ, ಆರೂವರೆಗೆ ನಮ್ಮನ್ನ ಮೇನ್ ರೋಡಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ಲೈನಿಗೆ ತೋಟದ ಒಳಗೆ ನಡೆಯಬೇಕು, ಆನೆ ಓಡಾಡೋ ಹೊತ್ತು. ನಮ್ಮಪ್ಪ ಪಂಜು ಹಿಡಿದುಕೊಂಡು ಎದುರು ಬಂದ್ರು. ಮುಂದಿನ ವರ್ಷ ಅಮ್ಮ ತಂಗಿಯನ್ನ ಕಳಿಸಲಿಲ್ಲ. ದಯವಿಟ್ಟು ಮೂರು ಗಂಟೆ ಒಳಗೆ ಮನೆ ಬಾಗಿಲಿಗೇ ಬಿಡಿ, ಅಪ್ಪ ಅಮ್ಮನ ಕೈಗೆ ಒಪ್ಪಿಸಿ. ಬಸ್ ಹೋಗದ ಕಡೆಗೆ ಜೀಪ್ ಮಾಡಿ.

ಸಿದ್ದಾಪುರದ ಹುಡುಗಿ

ಎಲ್ಲರಿಗೂ ಕೈಮುಗಿದು ಧನ್ಯವಾದ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಪಾಲಿಬೆಟ್ಟದ ಅಣ್ಣ ಬರೆದದ್ದನ್ನ ಎರಡು ಸಲ ಓದಿಸಿದ್ರು. ಸಂಘಟಕರ ಜೊತೆ ಇವತ್ತು ಮಾತಾಡಿದೆ. ಐದು ಮಕ್ಕಳಿಗೆ ಒಬ್ಬರು ಅನ್ನೋದಕ್ಕೆ ಒಪ್ಪಿದ್ರು, ಅದಕ್ಕೆ ಈ ಸಲ ಮೂವತ್ತರ ಬದಲು ಇಪ್ಪತ್ತೇ ಮಕ್ಕಳು. ಅಬ್ಬಿ, ತಲಕಾವೇರಿ ಪಟ್ಟಿಯಿಂದ ತೆಗೆದ್ರು. ದುಬಾರೆ ಬಗ್ಗೆ ಮಕ್ಕಳನ್ನ ಕೇಳಿ ತೀರ್ಮಾನ. ಹತ್ತು ಮಕ್ಕಳು ಕಡಿಮೆ ಆದ್ರಲ್ಲ ಅಂತ ಬೇಜಾರಿದೆ. ಇನ್ನೂ ಇಬ್ಬರು ಲೀಡರ್ ಸಿಕ್ಕರೆ ಅವರನ್ನೂ ಸೇರಿಸಬಹುದಂತೆ, ಒಬ್ಬರಾದ್ರೂ ಮಹಿಳೆ ಇರಬೇಕು. ಯರವ ಭಾಷೆ ಬರೋರು ಸಿಕ್ಕರೆ ಇನ್ನೂ ಒಳ್ಳೆಯದು. ಯಾರಾದ್ರೂ ಬರ್ತೀರಾ?

ಪಾಲಿಬೆಟ್ಟ ಹುಡುಗ

ನನಗೆ ಯರವ ಬರುತ್ತೆ. ಪೊಲೀಸ್ ಪತ್ರಕ್ಕೆ ನಾಳೆನೇ ಅರ್ಜಿ ಹಾಕ್ತೀನಿ. ತಂಗಿಗೂ ಈಗ ಹತ್ತೊಂಬತ್ತು, ಅವಳನ್ನೂ ಕೇಳಿ ಹೇಳ್ತೀನಿ.

ಕುಶಾಲನಗರದ ನರ್ಸಕ್ಕ

ಲೀಡರ್‌ಗಳಿಗೆಲ್ಲ ಒಂದು ಭಾನುವಾರ ಪ್ರಥಮ ಚಿಕಿತ್ಸೆ ಹೇಳಿಕೊಡ್ತೀನಿ. ಮಕ್ಕಳ ಆರೋಗ್ಯದ ಪಟ್ಟಿ ಅಷ್ಟರೊಳಗೆ ತಯಾರಿರಲಿ, ಜೊತೆಗೆ ಕೂತು ಒಂದೊಂದೇ ನೋಡೋಣ.